ಹೆಸರು ಆಡಿ ಗಳಿಸಿದ್ದು, ಖುರ್ಚಿ ಕಲ್ತು ಗಳಿಸೂದು

ಅಡಗಿ ಛಲೋ ಮಾಡಾಕಿಗೆ ಮದವಿ ಮನಿ ಉಗ್ರಾಣ ಸಂಭಾಳಸಲಿಕ್ಕೂ ಬರತದಂತ ಹೇಳಲಿಕ್ಕಾಗೂದಿಲ್ಲ. ಅದು ಬ್ಯಾರೆ ವಿದ್ಯಾ. ಫುಟ್‌ಬಾಲ್ ಕ್ಲಬ್ಬಿನಾಗೂ ಹಂಗೇ ರೀ.

ನೆದರ್‌ಲೆಂಡ್ಸಿನಾಗ ಅಯಾಕ್ಸ್ ಅಂತ ದೊಡ್ಡ ಕ್ಲಬ್ ಅದ. ಒಂದು ಕಾಲಕ್ಕ ಅಲ್ಲಿ ಗೋಲ್‌ಕೀಪರ್ ಆಗಿದ್ದ ಎಡ್ವಿನ್ ವಾನ್ ಡರ್ ಸಾರ್ 2011ರಾಗ ಆಟ ಬಿಟ್ಟ. ಮರುವರ್ಷ ಅದೇ ಕ್ಲಬ್ಬಿನ ಮಾರ್ಕೆಟಿಂಗ್ ಕೆಲಸಕ್ಕ ಸೇರಿ, ನಾಕು ವರ್ಷ ಕಲ್ತು, 2016ರಾಗ ಮುಖ್ಯಸ್ಥ ಆದ. 2019ರಾಗ ತಂಡ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಮುಟ್ಟಿತು. ಶಹಬ್ಬಾಸ್ ಅನ್ನೋಣ.

ಆದರ ಅಲ್ಲೇ ಆಟಗಾರರನ್ನ ಕೊಳ್ಳೂದು-ಮಾರೂದು ನೋಡತಿದ್ದ ಮಾರ್ಕ್ ಓವರ್‌ಮಾರ್ಸ್‌ನೂ ಹಳೇ ಸ್ಟಾರೇ. ಜೋಡಿ ಕೆಲಸಾ ಮಾಡೋ ಹೆಣ್ಮಕ್ಕಳಿಗೆ ಕಳಸಬಾರದ ಮೆಸೇಜ್ ಕಳಿಸಿ, 2022ರ ಫೆಬ್ರುವರಿಯೊಳಗ ತಪ್ಪು ಒಪ್ಪಿ ಹೊರಗ ಹೋದ. ಮುಂದಿನ ತಿಂಗಳೇ ಬೆಲ್ಜಿಯಂನ ಆಂಟ್ವರ್ಪ್ ಕ್ಲಬ್ ಅವನ್ನ ಕರದು ಅಂಥಾದ್ದೇ ಖುರ್ಚಿ ಕೊಡ್ತು!

ಆಡಿದವರಿಗೆ ಆಡಳಿತ ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಆದರ ಕಾಲಿನ ಚಳಕ ನೋಡಿ ನಡತಿಗೆ ಮಾರ್ಕ್ಸ್ ಹಾಕಬ್ಯಾಡ್ರಿ. ಎಷ್ಟ ದೊಡ್ಡ ಹೆಸರಿನವ ಇದ್ದರೂ ಅವನ ಮ್ಯಾಲೆ ಹೆದರದ ದೂರು ಕೊಡಲಿಕ್ಕೆ ಆಫೀಸಿನಾಗ ಒಂದು ಜಾಗಾ ಇರಬೇಕು. ನಮ್ಮ ಮನಿ ಹುಡುಗ್ಯಾರೂ ನೌಕರಿಗೆ ಹೋಗತಾರ, ಅಲ್ಲೇನ್ರೀ?