ಐವತ್ತೆಂಟು ಯಾರಿಗೆ ಬೇಕು?
ನಲವತ್ತು ದಾಟಿದ ಮೇಲೆ ಹೊಸದಾಗಿ ಏನು ಮಾಡೋದು ಎನ್ನುವವರು 2016ರ ಏಪ್ರಿಲ್ ನೆನಪಿಸಿಕೊಳ್ಳಬೇಕು. ಕಂಪನಿ ಕಟ್ಟುವ ಪಾಲಿನ ಪಿಎಫ್ ಹಣವನ್ನು 58 ತುಂಬುವ ತನಕ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮಷಿನ್ ಬಿಟ್ಟೆದ್ದು ಹೊಸೂರು ರಸ್ತೆಗಿಳಿದರು. ಮರುದಿನ ಪೀಣ್ಯದ ಮಗ್ಗುಲಿನ ಜಾಲಹಳ್ಳಿ ಕ್ರಾಸ್‌ನಲ್ಲೂ ಅದೇ ಕಥೆ. ದೊಡ್ಡ ಯೂನಿಯನ್ನುಗಳು ಕರೆ ಕೊಟ್ಟ ಮುಷ್ಕರವಲ್ಲ ಅದು. ಏಪ್ರಿಲ್ 19ಕ್ಕೇ ನಿಯಮ ವಾಪಸ್ಸಾಯಿತು. ಕಲ್ಲು ತೂರಾಟ, ಬಸ್ಸಿಗೆ ಬೆಂಕಿ ಯಾರೂ ಮೆಚ್ಚುವ ಮಾತಲ್ಲ. ಆದರೆ ಸಿಟ್ಟಿನ ಲೆಕ್ಕ ಸರಿಯಿತ್ತು. ಗಂಟೆಗಿಷ್ಟು ಪೀಸ್ ಎಂದು ಸೂಪರ್‌ವೈಸರ್ ತಲೆ ಮೇಲೆ ನಿಂತಿರುವಾಗ, ಸೂಜಿಗೆ ದಾರ ಪೋಣಿಸಲು ಪಕ್ಕದ ಹುಡುಗಿಯನ್ನು ಕರೆಯಬೇಕಾದ ಕಣ್ಣಿಟ್ಟುಕೊಂಡು 58ರವರೆಗೆ ಯಾರು ತಾನೇ ದುಡಿದಾರು? ಮಧ್ಯವಯಸ್ಸಿನ ಹೊಸ ಹುರುಪೆಂದರೆ ಮ್ಯಾರಥಾನ್ ಶೂ ಎನ್ನುವವರು ವೈಟ್‌ಫೀಲ್ಡ್‌ನಲ್ಲಿ ಬೇಕಾದಷ್ಟಿದ್ದಾರೆ, ಇರಲಿ. ಗಾರ್ಮೆಂಟ್ಸ್ ಹೆಂಗಸರಿಗೆ ಅದು ಕೆಲಸ ಬಿಟ್ಟು ಹಾಕುವ ಪಿಎಫ್ ಅರ್ಜಿಯಿಂದ ಶುರುವಾಗುತ್ತದೆ. ಹಣದ ಮೊದಲ ಪಾಲು ಮಗಳ ಮದುವೆಯ ಛತ್ರಕ್ಕೇ ಹೋಗುತ್ತದೆಂಬುದು ನನಗೆ ಸಂಕಟ. ಉಳಿದದ್ದರಲ್ಲಿ ಸೆಕೆಂಡ್ ಹ್ಯಾಂಡ್ ಮಷಿನ್ ತಂದು, ಬಾಗಿಲಿಗೆ ‘ಫಾಲ್ಸ್, ಜಿಗ್‌ಜಾಗ್ ಹಾಕಿಕೊಡಲಾಗುವುದು’ ಎಂದು ಬೋರ್ಡು ಹೊಡೆಸಿ, ರೇಟನ್ನು ತಾವೇ ಹೇಳುವವರೂ ಇದ್ದಾರೆ.