ಗೃಹಿಣಿಯ ಪುಟ: ಮುಖಕ್ಕೆ ಎಷ್ಟು ಲೇಪ?



ಹಿರಿಯೂರು ತಾಲ್ಲೂಕಿನ ತಾಯಿಯೊಬ್ಬರು ಬರೆದಿರುವ ಕಾಗದವು ಈ ತಿಂಗಳ ಬರಹಕ್ಕೆ ಕಾರಣವಾಗಿದೆ. ಅವರ ಮಗಳ ಹಣೆಯ ನಡುವೆ, ಅನುದಿನವೂ ಅಂಟಿನ ಟಿಕ್ಲಿಯನ್ನಿಡುತ್ತಿದ್ದ ಎಡೆಯಲ್ಲಿಯೇ, ನಾಣ್ಯದಗಲದ ಬಿಳಿಯ ಮಚ್ಚೆಯೊಂದು ಮೂಡಿದೆಯಂತೆ. ಹೊಸದುರ್ಗದ ಕಡೆಯಿಂದ ಹೆಣ್ಣು ನೋಡಲು ಬರುವವರಿದ್ದಾರೆ. ‘ಇದು ಕಾಣದಂತೆ ಮುಚ್ಚುವ ಲೇಪವಾವುದು? ಎಷ್ಟು ಪದರ ಹಚ್ಚಬೇಕು?’ ಎಂಬುದು ಆ ತಾಯಿಯ ಪ್ರಶ್ನೆ. ಲೇಪದ ವಿಚಾರವನ್ನು ಮೊದಲು ಹೇಳಿ, ತಾಯಿಯ ಚಿಂತೆಗೆ ಕಡೆಯಲ್ಲಿ ಬರುತ್ತೇನೆ.

ಮುಖಕ್ಕೆ ಬಣ್ಣ ಹಚ್ಚುವ ವಿದ್ಯೆಯು ನಮ್ಮ ಸೀಮೆಗೆ ಹೊಸತಲ್ಲ. ಹಿಂದೆ ನಾಟಕದವರೂ ಬಯಲಾಟದವರೂ ಸಫೇತ, ಅರದಾಳ, ಇಂಗಳೀಕಗಳನ್ನು ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಕಲಸಿ ಬಳಿದುಕೊಳ್ಳುತ್ತಿದ್ದರು. ಅರದಾಳದಲ್ಲಿ ಪಾಷಾಣವೂ ಇಂಗಳೀಕದಲ್ಲಿ ಪಾದರಸವೂ ಇರುವುದರಿಂದ ಅವುಗಳನ್ನು ಇಂದು ಚರ್ಮಕ್ಕೆ ಸೋಕಿಸಲಾಗದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘವೂ, 1997ರಲ್ಲಿ ಊರೂರು ತಿರುಗಿ ನಾಟಕವಾಡುವ ‘ಶಿವಸಂಚಾರ’ವೂ ಹುಟ್ಟಿದುದನ್ನು ನಮ್ಮ ಜಿಲ್ಲೆಯವರು ಬಲ್ಲರು. ರಂಗದ ಮೇಲಿನ ಬಣ್ಣವನ್ನು ದೂರದಿಂದ, ಪ್ರಖರವಾದ ದೀಪದಲ್ಲಿ ನೋಡುವುದಷ್ಟೆ; ಆದುದರಿಂದ ಅಲ್ಲಿ ಲೇಪವು ದಪ್ಪನಾಗಿದ್ದರೂ ಸಲ್ಲುತ್ತದೆ. ಮನೆಯಂಗಳದಲ್ಲಿ ಎರಡು ಮೊಳ ದೂರದಲ್ಲಿ ಕುಳಿತ ನೆಂಟರ ಕಣ್ಣಿಗೆ ಅದೇ ಲೇಪವು ಸುಣ್ಣ ಬಳಿದ ಗೋಡೆಯಂತೆ ತೋರುವುದು. ನೋಡುವವರ ದೂರ, ಬೀಳುವ ಬೆಳಕು, ಇರಬೇಕಾದ ಹೊತ್ತು ಇವು ಮೂರನ್ನು ಎಣಿಸಿ ಲೇಪದ ಪ್ರಮಾಣವನ್ನು ಗೊತ್ತುಮಾಡತಕ್ಕದ್ದು.

ಲೇಪವನ್ನು ಮೂರು ತರಗತಿಗಳಾಗಿ ವಿಂಗಡಿಸಬಹುದು. ನಿತ್ಯಕ್ಕೆ ತೆಳುವಾದುದು: ಬಣ್ಣ ಬೆರೆತ ಕ್ರೀಮು ಕಡಲೆಕಾಳಿನಷ್ಟಿದ್ದರೆ ಸಾಕು, ಚರ್ಮದ ಸಹಜ ಕಾಂತಿಯು ಅದರೊಳಗಿಂದ ಕಾಣುತ್ತಿರಬೇಕು. ಹಬ್ಬ ಆರತಿಗಳಿಗೆ ಮಧ್ಯಮ: ಫೌಂಡೇಶನ್ನಿನ ಒಂದು ಪದರ, ಕಣ್ಣ ಕೆಳಗೆ ಅಲ್ಪಸ್ವಲ್ಪ ಕನ್ಸೀಲರು. ಮದುವೆಯ ಮಂಟಪಕ್ಕೆ ಪೂರ್ಣ: ತೆಳುವಾದ ಎರಡು ಪದರ, ಕಲೆಗಳ ಮೇಲೆ ಮಾತ್ರ ಕನ್ಸೀಲರು, ಕಡೆಯಲ್ಲಿ ಪೌಡರು. ಒಂದೇ ಸಲ ದಪ್ಪವಾಗಿ ಬಳಿದುದು ನಕ್ಕಾಗ ಬಿರಿಯುತ್ತದೆ. ತೆಳುವಾಗಿ ಎರಡು ಸಲ ಹಚ್ಚಿದುದು ನಿಲ್ಲುತ್ತದೆ.

ಇನ್ನು ಕ್ರಮ. ಮುಖ ತೊಳೆದು ಒರೆಸಿ, ತೇವ ಕಾಯುವ ಕ್ರೀಮನ್ನು ಹಚ್ಚಬೇಕು. ನಮ್ಮದು ಮಳೆನೆರಳಿನ ನಾಡು. ಇಲ್ಲಿಯ ಒಣಗಾಳಿಗೆ ಚರ್ಮವು ಬೇಗನೆ ಬಿರಿಯುವುದರಿಂದ ಈ ಮೊದಲ ಪದರವನ್ನು ಬಿಡಲಾಗದು. ಅದರ ಮೇಲೆ ಬಿಸಿಲು ತಡೆಯುವ ಸನ್‌ಸ್ಕ್ರೀನು, ಮುಖಕ್ಕೂ ಕೊರಳಿಗೂ ಸೇರಿ ಎರಡು ಬೆರಳುದ್ದ. ಪ್ರತಿಯೊಂದನ್ನು ಹಚ್ಚಿದ ಮೇಲೂ ಕೆಲವು ನಿಮಿಷ ತಾಳಬೇಕು. ಆತುರಪಟ್ಟರೆ ಮೇಲಿನ ಪದರವು ಕೆಳಗಿನದನ್ನು ಉಜ್ಜಿ ಎಬ್ಬಿಸಿ, ಉಂಡೆಯುಂಡೆಯಾಗಿ ಉದುರಿಸುತ್ತದೆ. ಬಳಿಕ ಫೌಂಡೇಶನ್ನನ್ನು ಮುಖದ ನಡುವಿನಿಂದ ಹೊರಕ್ಕೆ, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ತಟ್ಟಿ ತಟ್ಟಿ ಹರಡಬೇಕು, ಉಜ್ಜಬಾರದು. ಇಷ್ಟಾದ ಮೇಲೂ ಉಳಿದ ಕಲೆಗಳಿಗೆ ಮಾತ್ರ ಕನ್ಸೀಲರು. ಕಣ್ಣ ಕೆಳಗಿನ ಕಪ್ಪಿಗೆ, ನಮ್ಮಂತಹ ಕಂದು ಮೈಬಣ್ಣದವರು, ಮೊದಲು ಕಿತ್ತಳೆ ಛಾಯೆಯ ಲೇಪವನ್ನು ತುಸುವೇ ಹಚ್ಚಿದರೆ ಆ ನೀಲಿಗಪ್ಪು ಅಡಗುತ್ತದೆ. ಪೌಡರು ಎಂದಿಗೂ ಕಡೆಯದು. ಪೌಡರಿನ ಮೇಲೆ ಮತ್ತೆ ಹಸಿಯ ಲೇಪ ಬಿದ್ದರೆ ಮುಖ ತೇಪೆ ತೇಪೆಯಾಗುವುದು.

ಬಣ್ಣವನ್ನು ಆರಿಸುವುದರಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಇರುವುದಕ್ಕಿಂತ ಬೆಳ್ಳಗಿನದನ್ನು ಕೊಳ್ಳುವುದು. ದವಡೆಯ ಅಂಚಿಗೆ ಹಚ್ಚಿ, ಅಂಗಡಿಯ ದೀಪವನ್ನು ನಂಬದೆ, ಹಗಲ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿರಿ. ಎಲ್ಲಿ ಹಚ್ಚಿದೆವೆಂಬುದು ತಿಳಿಯದಂತೆ ಕರಗಿದ ಬಣ್ಣವೇ ನಿಮ್ಮದು. ಬೆಳ್ಳಗಿನ ಲೇಪವು ಕಪ್ಪು ಮೈಯನ್ನು ಬೆಳ್ಳಗೆ ಮಾಡದು, ಬೂದಿ ಮುಚ್ಚಿದಂತೆ ಮಾಡುವುದು. ರಾತ್ರಿ ಮಲಗುವ ಮುನ್ನ ಕೊಬ್ಬರಿ ಎಣ್ಣೆಯಿಂದ ಲೇಪವನ್ನು ಕರಗಿಸಿ ಒರೆಸಿ, ಅನಂತರ ಮುಖ ತೊಳೆಯತಕ್ಕದ್ದು. ಎಣ್ಣೆಯಿಂದ ಮೊಡವೆ ಏಳುವವರು ಆ ಜಿಡ್ಡನ್ನು ಸ್ವಲ್ಪವೂ ಉಳಿಸಬಾರದು.

ಈಗ ಹಿರಿಯೂರಿನ ತಾಯಿಯ ಮಾತು. ಅಮ್ಮಾ, ಕೆಲವು ಟಿಕ್ಲಿಗಳ ಅಂಟಿನಲ್ಲಿರುವ ರಾಸಾಯನಿಕವು ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳನ್ನು ಕೊಲ್ಲುವುದುಂಟೆಂದು ವೈದ್ಯರು ಬಲ್ಲರು. ಮೊದಲು ಆ ಟಿಕ್ಲಿಯನ್ನು ಬಿಡಿಸಿರಿ. ಲೇಪಕ್ಕಿಂತ ಮುಂಚೆ ಚರ್ಮವೈದ್ಯರಿಗೆ ತೋರಿಸಿರಿ. ಇದು ಟಿಕ್ಲಿಯಿಂದ ಬಂದುದೋ ತೊನ್ನೋ ಎಂಬುದನ್ನು ಅವರೇ ಹೇಳಬೇಕು. ಎರಡಕ್ಕೂ ಚಿಕಿತ್ಸೆಯುಂಟು, ಬೇಗ ಹೋದಷ್ಟೂ ಲೇಸು. ಎರಡೂ ಕುಷ್ಠವಲ್ಲ, ಎರಡೂ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಕ್ರೀಮು ತಂದು ಹಚ್ಚಬೇಡಿರಿ. ಸ್ಟೀರಾಯ್ಡು ಬೆರೆತ ಕ್ರೀಮುಗಳು ಚರ್ಮವನ್ನು ತೆಳುಮಾಡಿ ಹೊಸ ಕೇಡನ್ನು ತರುತ್ತವೆ.

ಮುಚ್ಚುವ ಬಗೆ ಇಷ್ಟೆ. ಬಣ್ಣವಿಲ್ಲದ ಚರ್ಮವು ಬಿಸಿಲಿಗೆ ಬೇಗ ಸುಡುವುದರಿಂದ ಮೊದಲು ಸನ್‌ಸ್ಕ್ರೀನು. ಮುಖಕ್ಕೆಲ್ಲ ತೆಳುವಾಗಿ ಫೌಂಡೇಶನ್. ಆಮೇಲೆ ಮಚ್ಚೆಯ ಮೇಲೆ ಮಾತ್ರ, ಸುತ್ತಲಿನ ಹಣೆಯ ಬಣ್ಣಕ್ಕೆ ಸರಿಹೊಂದುವ ಗಟ್ಟಿ ಕನ್ಸೀಲರನ್ನು ಉಂಗುರದ ಬೆರಳಿನಿಂದ ತಟ್ಟಿ, ಅಂಚನ್ನು ಕೂದಲೆಳೆಯಷ್ಟು ಹೊರಕ್ಕೆ ಕರಗಿಸುವುದು. ಬೇಕಾದರೆ ತಾಳಿ ಇನ್ನೊಂದು ಪದರ. ಪೌಡರನ್ನು ಒತ್ತಿ ಮುಗಿಸುವುದು. ವೈದ್ಯರು ಒಪ್ಪಿದ ಮೇಲೆಯೇ ಇದನ್ನು ಮಾಡತಕ್ಕದ್ದು.

ಆದರೆ ಹೆಣ್ಣು ನೋಡುವ ದಿನ ಇದನ್ನು ಮಾಡಬೇಡಿರೆಂಬುದೇ ನನ್ನ ಬಿನ್ನಹ. ನಿಶ್ಚಿತಾರ್ಥಕ್ಕೆ ಮುಂಚೆಯೇ ಆ ಮನೆಯ ಹಿರಿಯರಿಗೂ ವರನಿಗೂ ವಿಷಯವನ್ನು ಬಿಡಿಸಿ ಹೇಳಿರಿ. ಲೇಪವು ಒಂದು ಹಗಲು ನಿಂತೀತು. ಸಂಸಾರವು ಐವತ್ತು ವರ್ಷ ನಡೆಯಬೇಕಾದುದು. ಮುಚ್ಚಿಟ್ಟು ಕೊಟ್ಟ ಹೆಣ್ಣು ಪ್ರತಿದಿನವೂ ಬೆಳಗಾಗುವ ಮೊದಲೇ ಎದ್ದು ಕನ್ನಡಿಯ ಮುಂದೆ ಕುಳಿತುಕೊಳ್ಳಬೇಕಾದೀತು. ಆ ಅಂಜಿಕೆಯ ಬಾಳು ನಿಮ್ಮ ಮಗಳಿಗೆ ಬೇಡ. ತಿಳಿದೂ ಒಪ್ಪಿದವರ ಮನೆಗೆ ಹೋಗುವ ಮಗಳು, ಧಾರೆಯ ದಿನ ತನ್ನ ಸಂತೋಷಕ್ಕಾಗಿ ಹಣೆಯನ್ನು ತಿದ್ದಿಕೊಳ್ಳಲಿ, ಇಲ್ಲವೆ ಹಾಗೆಯೇ ಬಿಡಲಿ. ಆ ಆಯ್ಕೆ ಅವಳದು. ನಾಣ್ಯದಗಲದ ಮಚ್ಚೆಯನ್ನು ಕಂಡು ಹಿಂದಿರುಗುವವರು ಹಿಂದಿರುಗಿದುದೇ ಒಳ್ಳೆಯದಾಯಿತೆಂದು ತಿಳಿಯಿರಿ.

ಮಗಳಿಗೆ ನಮ್ಮೆಲ್ಲರ ಹರಕೆಯನ್ನು ತಿಳಿಸಿರಿ.