ಬಿಡಿಭಾಗದ ಬೆಲೆ

ಹಳೆಯ ಸಾಮಾನನ್ನು ಮಾರುವುದಕ್ಕೆ ಎರಡು ತಕ್ಕಡಿಗಳುಂಟು. ಒಂದು ಗುಜರಿಯವನದು. ಅದರಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಂಬ ಮೂರೇ ಜಾತಿ, ತೂಕವೊಂದೇ ಗುಣ. ಇನ್ನೊಂದು ಅಗತ್ಯದ ತಕ್ಕಡಿ. ಆ ಸಾಮಾನಿಲ್ಲದೆ ಯಾರ ಕೆಲಸ ನಿಂತಿದೆಯೋ ಅವರ ಕಷ್ಟವೇ ಅಲ್ಲಿ ತೂಕದ ಕಲ್ಲು. ಮಾರುವವನು ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದು ವ್ಯಾಪಾರದ ಪ್ರಶ್ನೆ ಮಾತ್ರವಲ್ಲ, ನೀತಿಯ ಪ್ರಶ್ನೆಯೂ ಹೌದೆಂದು ನನ್ನ ಎಣಿಕೆ.

ಬನಶಂಕರಿಯ ನಮ್ಮ ಮನೆಯ ಅಟ್ಟದಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಕಾರಿನ ಬಿಡಿಭಾಗಗಳ ಸಂಗ್ರಹವೊಂದಿದೆ. ಪೆಟ್ರೋಲ್ ಎಂಜಿನಿಗೆ ವಿದ್ಯುತ್ ಮೋಟಾರೊಂದು ಹೆಗಲು ಕೊಡುವ ಈ ಕಾರು ನಮ್ಮ ದೇಶದ ಪೇಟೆಗೆ ಬಂದದ್ದು 2008ರಲ್ಲಿ. ಆಗ ಅದರ ಬೆಲೆ 21 ಲಕ್ಷ ರೂಪಾಯಿಗೂ ಮಿಗಿಲು. ಅದೇ ವರ್ಷ ಬೆಲೆಯನ್ನು ಬಹಳವಾಗಿ ಇಳಿಸಿದರೂ ಅದು ಅಪರೂಪದ ವಾಹನವಾಗಿಯೇ ಉಳಿಯಿತು. ನನ್ನ ಕಾರು ಈಗಿಲ್ಲ. ಅದಕ್ಕೆಂದು ಕೂಡಿಟ್ಟ ಸಾಮಾನುಗಳಿವೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಕಾರಿನ ಮಟ್ಟಿಗೆ ಆ ಸಾವಿರವನ್ನು ನಿರ್ಣಯಿಸುವವರು ಯಾರು?

ಕೊಳ್ಳಲು ಬರುವವರು ಎರಡು ತೆರ. ಜೆ.ಸಿ. ರಸ್ತೆಯ ಕಡೆಯ ವ್ಯಾಪಾರಿಯಾದರೆ ಎಲ್ಲವನ್ನೂ ಒಟ್ಟಿಗೆ ಕೇಳುತ್ತಾನೆ. ಅಟ್ಟ ಒಂದೇ ದಿನದಲ್ಲಿ ಬರಿದಾಗುತ್ತದೆ. ಕಾರಿನ ಒಡೆಯನಾದರೆ ಒಂದೇ ಒಂದು ಭಾಗವನ್ನು ಕೇಳುತ್ತಾನೆ. ಉಳಿದದ್ದು ನಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ಅನುಕೂಲ ನೋಡಿದರೆ ಮೊದಲನೆಯವನೇ ಮೇಲು. ಆದರೆ ಈ ಸಂಗ್ರಹ ಒಂದೇ ಜಾತಿಯದಲ್ಲ. ಬಾಗಿಲಿನ ಗಾಜು, ಹಿನ್ನೋಟದ ಕನ್ನಡಿಗಳಂಥವಕ್ಕೆ ಸಾಧಾರಣ ಸಿವಿಕ್‌ನಲ್ಲಿಯೂ ಬಳಕೆಯುಂಟು. ಅವನ್ನು ಅಂಗಡಿಯವನಿಗೆ ಕೊಡುವುದರಲ್ಲಿ ಲೋಪವಿಲ್ಲ. ಎಂಜಿನಿಗೂ ಗೇರು ಪೆಟ್ಟಿಗೆಗೂ ನಡುವೆ ಕೂರುವ ವಿದ್ಯುತ್ ಮೋಟಾರು, ಅದನ್ನು ಆಳುವ ವಿದ್ಯುನ್ಮಾನ ಘಟಕ, ಅರ್ಧ ಬೆಲ್ಟಿನಿಂದಲೂ ಅರ್ಧ ವಿದ್ಯುತ್ತಿನಿಂದಲೂ ನಡೆಯುವ ಎ.ಸಿ. ಕಂಪ್ರೆಸರ್ ಇವು ಮಾತ್ರ ಬೇರೆ ಕಾರಿಗೆ ಒಗ್ಗುವಂಥವಲ್ಲ. ಇವು ಒಡೆಯನ ಕೈಗೇ ಸೇರಬೇಕು. ಮೋಟಾರಿನ ತಾಮ್ರಕ್ಕಾಗಿ ಒಡೆಯಲ್ಪಡಬಾರದು.

ಬೆಲೆಯ ಮಾತಿಗೆ ಬಂದರೆ ಮಿತ್ರರೊಬ್ಬರ ವಾದ ಹೀಗಿದೆ: “ಲಾಭವಿಲ್ಲದಿದ್ದರೆ ಇಷ್ಟು ವರ್ಷ ಇದನ್ನೆಲ್ಲ ಯಾರು ಕಾಪಾಡುತ್ತಿದ್ದರು? ವಿರಳವಾದುದಕ್ಕೆ ವಿರಳವಾದ ಬೆಲೆ ಕೇಳುವುದು ಅನ್ಯಾಯ ಹೇಗಾದೀತು?” ಮಾತಿನಲ್ಲಿ ಹುರುಳಿಲ್ಲದಿಲ್ಲ. ಕಾಪಾಡಿದ್ದಕ್ಕೆ ಕೂಲಿ ಉಂಟು. ಕೊಂಡ ಬೆಲೆಯ ಮೇಲೆ ಅದನ್ನು ಕೇಳುವುದು ಧರ್ಮವೇ. ಆದರೆ ಎದುರಿನವನಿಗೆ ಬೇರೆ ಗತಿಯಿಲ್ಲವೆಂದು ತಿಳಿದು ಏರಿಸಿದ ಬೆಲೆ ಕೂಲಿಯಲ್ಲ, ಸುಲಿಗೆ. ಹಾಳೂರಿಗೆ ಉಳಿದವನೇ ಗೌಡನೆಂಬ ಗಾದೆಯುಂಟಷ್ಟೆ. ಅಂಥ ಗೌಡಿಕೆಯಲ್ಲಿ ಗೌರವವೇನೂ ಇಲ್ಲ.

ಬೆಲೆಗಿಂತ ಕಠಿನವಾದುದು ಸತ್ಯದ ಪ್ರಶ್ನೆ. ಸಂಗ್ರಹದಲ್ಲಿ ಒಂದು ಬ್ಯಾಟರಿಯೂ ಇದೆ. 132 ನಿಕಲ್-ಮೆಟಲ್ ಹೈಡ್ರೈಡ್ ಕೋಶಗಳು ಸರಣಿಯಾಗಿ ಸೇರಿ ಸುಮಾರು 158 ವೋಲ್ಟ್ ಕೊಡುವಂಥದು. ಒಂದು ದಿನವೂ ಕಾರಿಗೆ ಜೋಡಿಸಿದ್ದಲ್ಲ. “ಬಳಸಿಲ್ಲ” ಎಂದು ಬರೆದು ಮಾರಿದರೆ ಸುಳ್ಳಾಡಿದಂತಾಗದು. ಆದರೆ ಈ ಬಗೆಯ ಕೋಶಗಳು ಸುಮ್ಮನಿದ್ದರೂ ತಾವಾಗಿ ಬರಿದಾಗುತ್ತವೆ. ಬಹುಕಾಲ ಚಾರ್ಜ್ ಇಲ್ಲದೆ ಬಿದ್ದಿದ್ದರೆ ಒಂದು ಹೆಚ್ಚು, ಒಂದು ಕಡಿಮೆಯಾಗಿ, ದುರ್ಬಲವಾದ ಕೆಲವು ಕೋಶಗಳು ಇಡೀ ಸರಣಿಯನ್ನೇ ಕುಗ್ಗಿಸುತ್ತವೆ. ಬಳಸದಿರುವುದು ಬೇರೆ, ಕೆಡದಿರುವುದು ಬೇರೆ. ಅಕ್ಷರಶಃ ನಿಜವಾದ ಮಾತಿನಿಂದ ಕೊಳ್ಳುವವನ ಕಣ್ಣು ಕಟ್ಟುವುದೂ ವಂಚನೆಯೇ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬ್ಯಾಟರಿಯನ್ನು ಮಾರಕೂಡದು, ಗುಜರಿಗೂ ಎಸೆಯಕೂಡದು. ಬಳಕೆ ಮುಗಿದ ಬ್ಯಾಟರಿಯನ್ನು ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯ ಕೆಲಸದಲ್ಲಿರುವವರಿಗೆ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸುತ್ತವೆ. ಕೆಟ್ಟ ಮೋಟಾರಿಗಾದರೂ ಒಂದು ಸದ್ಗತಿಯುಂಟು: ಬನಶಂಕರಿಯ ಸುತ್ತ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಚಿತ್ರದಲ್ಲಿ ಕಂಡದ್ದನ್ನು ವಿದ್ಯಾರ್ಥಿಗಳು ಕೈಯಿಂದ ಬಿಚ್ಚಿ ನೋಡಲಿ.

ಇಷ್ಟಾದರೂ, ಒಂದು ವಾಹನದ ಆಯುಷ್ಯ ಯಾರದೋ ಮನೆಯ ಅಟ್ಟವನ್ನು ನೆಚ್ಚಿಕೊಂಡಿರುವುದು ಒಳ್ಳೆಯ ವ್ಯವಸ್ಥೆಯಲ್ಲ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ತಪಾಸಣೆಯಲ್ಲಿ ಯೋಗ್ಯವೆನಿಸಿದರೆ ಮುಂದುವರಿಸಲು ಕಾನೂನೇ ಅವಕಾಶ ಕೊಟ್ಟಿದೆ. ಓಡಲು ಅನುಮತಿಯಿದ್ದು ಭಾಗ ದೊರೆಯದಿದ್ದರೆ ಆ ಅನುಮತಿಗೆ ಅರ್ಥವೇನು? ದುರಸ್ತಿಯ ಹಕ್ಕಿಗೆಂದು ಕೇಂದ್ರ ಸರ್ಕಾರ 2022ರಲ್ಲಿ ಜಾಲತಾಣವೊಂದನ್ನು ತೆರೆಯಿತು. ಅದು ಮಾಹಿತಿಯ ಬಾಗಿಲು. ಇಂತಿಷ್ಟು ವರ್ಷ ಬಿಡಿಭಾಗ ಒದಗಿಸಲೇಬೇಕೆಂಬ ಕಟ್ಟುಪಾಡು ಅದರ ಹಿಂದೆ ಬರಬೇಕು. ನಮ್ಮ ಬಿಡದಿಯಲ್ಲಿಯೇ 2013ರಿಂದ ಹೈಬ್ರಿಡ್ ಕಾರುಗಳು ತಯಾರಾಗುತ್ತಿವೆ. 2022ರಿಂದೀಚೆಗೆ ಅಲ್ಲಿಂದ ಹೊರಬಂದ ಹೊಸ ಮಾದರಿಗಳಲ್ಲಿ ಮೊದಲಿನವಕ್ಕೆ 2037ರಲ್ಲಿ 15 ತುಂಬುತ್ತದೆ. ಆಗ ಏಳುವ ಪ್ರಶ್ನೆಯನ್ನು ಈಗಲೇ ಕೇಳುವುದು ಜಾಣತನ.

ಆಯುಧಪೂಜೆಯ ದಿನ ನಾವು ಯಂತ್ರಕ್ಕೆ ಹೂವೇರಿಸಿ ಕುಂಬಳಕಾಯಿ ಒಡೆಯುತ್ತೇವೆ. ಅದಕ್ಕೆ ಬೇಕಾದ ಭಾಗವನ್ನು ನ್ಯಾಯವಾದ ಬೆಲೆಗೆ, ಅದರ ದೋಷವನ್ನು ಮುಚ್ಚಿಡದೆ, ಬೇಕಾದವನ ಕೈಗೆ ದಾಟಿಸುವುದು ಉಳಿದ ದಿನಗಳ ಪೂಜೆ.